ಬಿಳೀ ಎಳಿ

ಭಾಗ್ಯನಗರದ ತಗಡಿನ ಶೆಡ್ಡಿನಾಗ
ಹನ್ನೊಂದು ಮಂದಿ ಕುಂತೀವಿ, ತೊಡೀ ಮ್ಯಾಲ
ಯಾವ್ಯಾವ ಊರಿನದೋ ತಲಿಗೂದಲ.
ಹಣಗಿಗೆ ಸಿಕ್ಕಿದ್ದು, ಗ್ವಾಡಿ ಸಂದಿನಾಗ ಸುತ್ತಿಟ್ಟಿದ್ದು,
ಪಿನ್ನಿಗೋ ಪುಗ್ಗಾಕ್ಕೋ ಮಾರಿದ್ದು.
ಗಂಟು ಬಿಡಸತೀವಿ. ಬುಡ ಒಂದ ಕಡೆ, ತುದಿ ಒಂದ ಕಡೆ.
ಕರೀದ್ರಾಗಿನ ಬಿಳೀದನ್ನ ಹೆಕ್ಕಿ ತಗೀತೀವಿ.
ಕಿಲೋಕ್ಕ ಇಷ್ಟು ಅಂತ ಕೂಲಿ.

ಊಟದ ಹೊತ್ತಿಗೆ ಹುಲಿಗೆವ್ವ ಬಂದಳು,
ಆಶಾ ಕಾರ್ಯಕರ್ತಿ, ನಮ್ಮ ಓಣಿಯಾಕಿನ.
ರೊಟ್ಟಿ ಬುತ್ತಿಗಳ ನಡುವ ಚೀಲಾ ಇಟ್ಟಳು.
ಒಳಗ ಪೊಟ್ಟಣ, ಪೊಟ್ಟಣದಾಗ ಒಂದು ಕೊಳವಿ, ಒಂದು ಬ್ರಶ್ಶು.
"ಹಲ್ಲು ತಿಕ್ಕಾಕೇನ?" ಅಂದಳು ಶರೀಫಾಬಿ.
"ಇಲ್ಲಬೇ, ಗರ್ಭಕೋಶದ ಬಾಯಿಗೆ."

ಒಮ್ಮಿಗೇ ಫ್ಯಾನಿನ ಸಪ್ಪಳ ಜೋರಾತು.

ಆ ಬಾಯಿಗೆ ನಮ್ಮಲ್ಲಿ ಹೆಸರಿಲ್ಲ.
ನೋವಾದ್ರ ಟೊಂಕ ಅಂತೀವಿ,
ಬಿಳಿ ಹೋದ್ರ ಉಷ್ಣ ಅಂತೀವಿ.
ಅಂಬಕ್ಕಗ ಮುಟ್ಟು ನಿಂತು ಐದು ವರ್ಷದ ಮ್ಯಾಲ
ರಕ್ತ ಕಂಡಾಗ ಇದ ಕಂಬಕ್ಕ ಆತು ಕುಂತು
"ತಿರಗಿ ಹರೇ ಬಂತು ನೋಡ್ರೇ" ಅಂತ ನಕ್ಕಳು.
ನಾವೂ ನಕ್ಕಿವಿ.
ಹುಬ್ಬಳ್ಳಿಗೆ ಒಯ್ದಾಗ ತಡಾ ಆಗೇತಿ ಅಂದ್ರು.
ಔಷಧಕ್ಕ ಕೂದಲ ಹಿಡಿ ಹಿಡಿ ಬಂದ್ವು.
ಹಾಸಿಗ್ಯಾಗ ಕುಂತು ತಾನ ಬಿಡಿಸಿದಳು,
ಬುಡ ಒಂದ ಕಡೆ, ತುದಿ ಒಂದ ಕಡೆ.
"ಹದಿನಾರು ಇಂಚು ಅದಾವ, ಚೊಲೋ ರೇಟು ಬರತೈತಿ."
ನಾವು ಯಾರೂ ತೂಗಲಿಲ್ಲ.

ಮೊದಲಿನ ತಪಾಸಣಿ ನನಗ ಗೊತ್ತು.
ಎತ್ತರದ ಮೇಜು, ಕಾಲು ಎರಡೂ ಕಬ್ಬಿಣದ ಮ್ಯಾಲ,
ಬಾತುಕೋಳಿ ಕೊಕ್ಕಿನಂಥಾದ್ದು ತಣ್ಣಗ ಒಳಗ,
ಪರದೆ ಅರ್ಧಾ ತೆರದು, ಆಚಿ ಕಡೆ
ಯಾರೋ ಗಂಡಸು ಫೈಲು ಕೇಳತಿದ್ದ.
ಗಾಜಿನ ಮ್ಯಾಲ ಸವರಿ ಎಲ್ಲಿಗೋ ಕಳಿಸಿದ್ರು.
ಉತ್ತರ ಬರಲಿಲ್ಲ. ನಾನೂ ಕೇಳಾಕ ಹೋಗಲಿಲ್ಲ.

"ಈಗ ಮೊದಲ ಮೇಜು ಬ್ಯಾಡ," ಹುಲಿಗೆವ್ವ ಹೇಳತಾಳ,
"ನಿಮ್ಮ ಬಚ್ಚಲಾ, ನಿಮ್ಮ ಚಿಲಕಾ, ನಿಮ್ಮ ಕೈ.
ಒಳಗ ಬಿಟ್ಟು ಹತ್ತು ಎಣಿಸಿ ತಿರವರಿ, ಕೊಳವ್ಯಾಗ ಹಾಕ್ರಿ.
ಹುಣ್ಣಾಗೂಕಿಂತ ವರ್ಷಗಟ್ಟಲೆ ಮೊದಲ
ವೈರಾಣಿನ ಹೆಜ್ಜಿ ಯಂತ್ರಕ್ಕ ಸಿಗತೈತಿ.
ಸಿಕ್ರ, ವಿನೆಗರ್ ಹಚ್ಚಿ ನೋಡತಾರ."
"ಗೋಬಿ ಗಾಡಿಯಂವ ಹಾಕತಾನಲ್ಲ, ಅದಾ?"
"ಅದ. ಕೆಡಾಕ ಹತ್ತಿದ ಜಾಗಾ ಬೆಳ್ಳಗಾಗತೈತಿ."

ಬೆಳ್ಳಗ.
ಹನ್ನೊಂದು ಜೋಡಿ ಕೈ ನಿಂತವು.

"ಮನೀ ಗಂಡಸರನ್ನ ಕೇಳಬೇಕಲ್ಲ?" ದುರುಗವ್ವ.
"ಅಂವಾ ತರೂಮುಂದ ನಿನ್ನ ಕೇಳಿದ್ನೇನ?" ಶರೀಫಾಬಿ.
ಕೆಲವರು ನಕ್ಕರು. ದುರುಗವ್ವ ಪೊಟ್ಟಣ ತಗೊಂಡಳು.

ಶೆಡ್ಡಿನ ಹಿಂದಿನ ಬಚ್ಚಲಾ, ದಾರದ ಚಿಲಕಾ.
ಮೂರು ಹಡದ ಮೈ ಇದು.
ಸೂಲಗಿತ್ತಿ ಕೈ ಬಲ್ಲದು, ನರ್ಸಮ್ಮನ ಬೈಗಳಾ ಬಲ್ಲದು,
ಕತ್ತಲದಾಗಿನ ಅವಸರ ಬಲ್ಲದು.
ನನ್ನ ಕೈ ಒಂದ ಅದಕ್ಕ ಹೊಸದು.
ಒಂದು, ಎರಡು, ಮೂರು
ಏಳಕ್ಕ ಅಂಬಕ್ಕನ ನಗಿ ಕೇಳಿಸಿ ಎಣಿಕಿ ತಪ್ಪಿತು.
ಮತ್ತ ಒಂದರಿಂದ.

ಹದಿನೇಳು ದಿನಕ್ಕ ಫೋನು. ಒಂಬತ್ತು ಮಂದಿಗೆ ಏನಿಲ್ಲ.
ನಾನು, ಶರೀಫಾಬಿ ಬಂದು ಹೋಗಬೇಕಂತ.
"ಅದು ಆ ರೋಗ ಅಲ್ಲರಿ. ನೋಡಬೇಕಷ್ಟ."
ರಾತ್ರಿಯೆಲ್ಲಾ ಆ 'ಅಷ್ಟ' ಹಿಡಕೊಂಡು ಮಲಗಿದೆ.

ಅದ ಎತ್ತರದ ಮೇಜು. ಪರದೆ ಮಾತ್ರ ಪೂರ್ತಿ ಎಳದಿದ್ರು.
ಹುಳಿ ವಾಸನಿ. ಒಂದು ನಿಮಿಷ ಕಾದ್ವಿ.
ಡಾಕ್ಟರಮ್ಮ ಮೊಬೈಲಿನಷ್ಟಿದ್ದ ಪರದೀ ನನ್ನ ಕಡೆ ತಿರವಿದಳು.
ಗುಲಾಬಿ ಬಣ್ಣ, ಒದ್ದಿ ಮಿಂಚು, ಇದಾ ನಾನು?
ಆಕಿ ಬೆರಳು ಇಡೂಕಿಂತ ಮೊದಲ ನಾನ ಕಂಡೆ
ಅಂಚಿನಾಗ ಬಿಳೀದು.
ಇಪ್ಪತ್ತು ವರ್ಷ ಅದ ಕೆಲಸ ಮಾಡಿದ ಕಣ್ಣು.

ಬಿಸಿ ಕಡ್ಡಿ ಮುಟ್ಟಿಸಿದ್ರು. ಒಂದು ನಿಮಿಷದ ಒಳಗ.
ಮುಟ್ಟಿನ ಹೊಟ್ಟಿನೋವಿನಷ್ಟ ನೋವು.
"ವರ್ಷಕ್ಕ ಮತ್ತ ಬರಬೇಕು, ಮರೀಬ್ಯಾಡ್ರಿ."

ಹೊರಗ ಬೆಂಚಿನ ಮ್ಯಾಲ ಶರೀಫಾಬಿ
ನನ್ನ ಚೀಲಾ ಅವಚಿಕೊಂಡು ಕುಂತಿದ್ದಳು.
"ಏನಂತ?"
"ಒಂದ ಎಳಿ," ಅಂದೆ. "ತಗದ್ರು."

ಒಳಗಿಂದ ಆಕಿ ಹೆಸರು ಕರದ್ರು.
ಈಗ ಎರಡೂ ಚೀಲಾ ನನ್ನ ತೊಡೀ ಮ್ಯಾಲ.